ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಮುರುಗಮಲ್ಲದ ಕಡೆಗೆ

ಹೊಸ ಕಾರಿನ ಡಿಕ್ಕಿಯ ಹಾಸನ್ನು ಎತ್ತಿ ನೋಡಿದಾಗ, ಸ್ಟೆಪ್ನಿ ಇರಬೇಕಾದ ಗುಂಡಿಯಲ್ಲಿ ಥರ್ಮಾಕೋಲಿನ ಒಂದು ತಟ್ಟೆ ಇತ್ತು. ಅದರೊಳಗೆ ಬಿಳಿ ದ್ರವ ತುಂಬಿದ ಬಾಟಲಿ, ಊಟದ ಡಬ್ಬಿಯಷ್ಟು ದೊಡ್ಡ ಗಾಳಿ ಪಂಪು, ಒಂದು ಕೊಳವೆ. ಅಷ್ಟೆ. ಜಾಕ್ ಇರಲಿಲ್ಲ, ಚಕ್ರ ಬಿಚ್ಚುವ ಪಾನಾ ಕೂಡ ಇರಲಿಲ್ಲ.

"ಈಗ ಬರೋ ಎಷ್ಟೋ ಗಾಡಿಗಳು ಹಿಂಗೇ ಮೇಡಂ," ಎಂದ ಷೋರೂಮಿನ ಹುಡುಗ. "ತೂಕ ಕಮ್ಮಿ, ಜಾಗ ಜಾಸ್ತಿ. ಪಂಕ್ಚರ್ ಆದ್ರೆ ಈ ಬಾಟ್ಲಿ ಹಾಕಿ ಗಾಳಿ ಹೊಡೀರಿ, ಹತ್ರದ ಅಂಗಡಿ ತನಕ ಆರಾಮಾಗಿ ಹೋಗುತ್ತೆ. ಅದಕ್ಕೂ ಮೀರಿದ್ರೆ ಸಹಾಯವಾಣಿ ಇದೆ."

"ಜಾಕೂ ಇಲ್ವಲ್ಲಪ್ಪ?"

"ಸ್ಟೆಪ್ನಿನೇ ಇಲ್ಲ ಅಂದ್ಮೇಲೆ ಜಾಕ್ ಯಾಕೆ ಮೇಡಂ?"

ಆಗ ಆ ಮಾತು ಸರಿಯಾಗಿಯೇ ಕೇಳಿಸಿತು. ಆದರೂ ಕಚೇರಿಗೆ ಬಂದು ವಾಹನ ನೋಡಿಕೊಳ್ಳುವ ಮ್ಯಾನೇಜರಿಗೆ, ಒಂದು ಸ್ಟೆಪ್ನಿ ಕೊಡಿಸಿ ಎಂದು ಕೇಳಿದೆ. ಕಾರಿನ ಜೊತೆ ಏನು ಬಂದಿದೆಯೋ ಅಷ್ಟರಲ್ಲೇ ನಡೆಸಿ ಎಂದರು. ನಾನು ಮತ್ತೆ ಕೇಳಲಿಲ್ಲ.

ನಾನು ನೇತ್ರ ಬ್ಯಾಂಕಿನ ತಂತ್ರಜ್ಞೆ. ಯಾರಾದರೂ ತೀರಿಕೊಂಡು, ಮನೆಯವರು ನೇತ್ರದಾನಕ್ಕೆ ಒಪ್ಪಿ ಫೋನ್ ಮಾಡಿದರೆ, ಆ ಮನೆಗೆ ಹೋಗಿ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಅಂದರೆ ಕಾರ್ನಿಯಾವನ್ನು ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು ಎಂಬುದು ನಾವು ಹಿಡಿದಿರುವ ಲೆಕ್ಕ. ಚಿಕ್ಕಬಳ್ಳಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಸುತ್ತಲಿನ ತಾಲ್ಲೂಕುಗಳಿಗೆಲ್ಲ ನಾನೊಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಮನೆಯ ಯಜಮಾನಿ ಒಳ್ಳೆಯವರೇ. ಆದರೆ ಪೆಟ್ಟಿಗೆ ಮಾತ್ರ ಗೇಟಿನ ಒಳಗೆ ತರಬಾರದು ಎಂದಿದ್ದಾರೆ. ಖಾಲಿ ಪೆಟ್ಟಿಗೆಯನ್ನೂ ತರಬಾರದು. ಹಳೆಯ ಕಾರಿದ್ದಾಗ ಸ್ಟೆಪ್ನಿ ಬದಲಿಸುವುದನ್ನು ನಾನೇ ಕಲಿತುಕೊಂಡಿದ್ದೆ. ನಾಲ್ಕು ಸಲ ರಸ್ತೆಬದಿಯಲ್ಲಿ ಒಬ್ಬಳೇ ಬದಲಿಸಿದ್ದೆ. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಹೊಸ ಕಾರು ಬಂದು ಎರಡು ತಿಂಗಳಾಗಿರಬೇಕು. ಆ ದಿನ ಗೌರಿಬಿದನೂರಿನ ಒಂದು ಕಾಲೇಜಿನಲ್ಲಿ ನೇತ್ರದಾನದ ಬಗ್ಗೆ ಮಾತಾಡುವುದಿತ್ತು. ಬೇಗ ಹೋಗಿದ್ದರಿಂದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ಎಂಟು ಗಂಟೆ ದಾಟಿತ್ತು. ಫೋನ್ ಬಂತು. ಆ ಕಡೆ ಒಬ್ಬ ಹೆಂಗಸು.

"ಕಣ್ಣು ತಗೊಳ್ಳೋವ್ರು ನೀವೇನಾ? ನಮ್ಮ ಯಜಮಾನ್ರು ಹೋಗ್ಬಿಟ್ರು. ಅವ್ರು ಬರ್ಕೊಟ್ಟಿದ್ರು. ಕಾಗದ ನನ್ ಹತ್ರ ಐತೆ."

ಊರು ಮುರುಗಮಲ್ಲದಿಂದ ಮೂರು ಕಿಲೋಮೀಟರ್ ಆಚೆಗೆ. ಯಜಮಾನರು ಹೊಲಿಗೆ ಕೆಲಸದವರು, ವಯಸ್ಸು ಅರವತ್ತಾರು. ಪ್ರಾಣ ಹೋದದ್ದು ಏಳೂ ನಲವತ್ತಕ್ಕೆ. ಅಂದರೆ ನನಗಿದ್ದ ಗಡುವು ಮಧ್ಯಾಹ್ನ ಒಂದೂ ನಲವತ್ತು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಅದರ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ಎರಡು ದಿಂಬು ಕೊಡಿ ಎಂದೆ. ಒಂದೊಂದಕ್ಕೂ ಆಕೆ "ಆಯ್ತು" ಎನ್ನುತ್ತಿದ್ದರು. ಕೊನೆಗೆ ದನಿ ತಗ್ಗಿಸಿ, "ನಮ್ ಭಾವ ಒಪ್ತಿಲ್ಲ. ಬೇಗ ಎತ್ತಬೇಕು ಅಂತಾರೆ. ನೀವು ಜಲ್ದಿ ಬಂದ್ಬಿಡಿ ಅಮ್ಮ," ಎಂದರು.

ಕಾಲೇಜಿಗೆ ಫೋನ್ ಮಾಡಿ ಕ್ಷಮೆ ಕೇಳಿ ಹೊರಟೆ. ಚಿಕ್ಕಬಳ್ಳಾಪುರದಲ್ಲಿ ಐಸ್ ಪ್ಯಾಕ್ ಮತ್ತು ಸಲಕರಣೆಯ ಚೀಲ ತೆಗೆದುಕೊಂಡೆ. ಹತ್ತೂಕಾಲಿಗೆ ಶಿಡ್ಲಘಟ್ಟ ದಾಟುವಾಗ ಸಮಾಧಾನವಿತ್ತು. ಹನ್ನೊಂದೂವರೆಗೆ ಆ ಮನೆಯಲ್ಲಿರುತ್ತೇನೆ ಅಂದುಕೊಂಡೆ.

ಶಿಡ್ಲಘಟ್ಟ ಮತ್ತು ಚಿಂತಾಮಣಿಯ ನಡುವೆ, ಅಂಬಾಜಿದುರ್ಗದ ಬೆಟ್ಟ ದೂರದಲ್ಲಿ ಕಾಣತೊಡಗಿದ ಕಡೆ, ಎದುರಿನಿಂದ ಲಾರಿಯೊಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿಕೊಂಡು ನೇರ ನನ್ನ ಮೇಲೆಯೇ ಬಂತು. ಎಡಕ್ಕೆ ಇಳಿಸಿದೆ. ರಸ್ತೆಯಂಚಿನ ಹುಲ್ಲಿನಲ್ಲಿ ದ್ರಾಕ್ಷಿ ಚಪ್ಪರಕ್ಕೆ ನೆಡುವ ಕಲ್ಲುಕಂಬದ ಮುರಿದ ತುಂಡೊಂದು ಬಿದ್ದಿತ್ತು. ಅದು ನನಗೆ ಕಾಣಿಸಲಿಲ್ಲ. ದಪ್ಪ್ ಎಂಬ ಸದ್ದು, ಆಮೇಲೆ ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು. ನಿಲ್ಲಿಸಿ ಇಳಿದೆ. ಮುಂದಿನ ಎಡ ಚಕ್ರ ರಿಮ್ಮಿನ ಮೇಲೆ ಕೂತಿತ್ತು. ಹತ್ತೂಮುಕ್ಕಾಲು.

ಗಾಬರಿಯೇನೂ ಆಗಲಿಲ್ಲ. ಎಚ್ಚರಿಕೆ ದೀಪ ಹಾಕಿದೆ, ಹಿಂದೆ ತ್ರಿಕೋನ ಇಟ್ಟೆ. ತಟ್ಟೆಯನ್ನು ತೆಗೆದು ಅದರ ಮೇಲಿದ್ದ ಚಿತ್ರಗಳನ್ನು ನೋಡುತ್ತ ಒಂದೊಂದೇ ಹೆಜ್ಜೆ ಮಾಡಿದೆ. ಬಾಟಲಿಯನ್ನು ಪಂಪಿಗೆ ತಿರುಗಿಸಿ ಕೂರಿಸುವುದು, ಕೊಳವೆಯನ್ನು ಟೈರಿನ ವಾಲ್ವಿಗೆ ಸಿಕ್ಕಿಸುವುದು, ಪಂಪಿನ ವೈರನ್ನು ಕಾರಿನೊಳಗಿನ ಸಾಕೆಟ್ಟಿಗೆ ಚುಚ್ಚುವುದು. ಸ್ವಿಚ್ ಒತ್ತಿದೆ. ಬಾಟಲಿ ಖಾಲಿಯಾಯಿತು. ಟೈರು ಮಾತ್ರ ಮೇಲೇಳಲಿಲ್ಲ. ಬಗ್ಗಿ ನೋಡಿದರೆ ಟೈರಿನ ಪಕ್ಕದ ಗೋಡೆಯಲ್ಲಿ ಎರಡು ಬೆರಳಷ್ಟು ಉದ್ದದ ಸೀಳು, ಅದರಿಂದ ಬಿಳಿ ನೊರೆ ಬುಸುಬುಸು ಹೊರಬರುತ್ತಿತ್ತು. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿದ್ದುದನ್ನು ಆಗ ಓದಿದೆ. ಅದು ರಸ್ತೆಗೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದರೆ ಆಗುವ ಸಣ್ಣ ತೂತಿಗೆ ಮಾತ್ರ. ಪಕ್ಕದ ಗೋಡೆ ಸೀಳಿದರೆ ಪ್ರಯೋಜನವಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. ಬೇರೆ ಯಾವುದೋ ಊರಿನಲ್ಲಿ ಕೂತ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಕಾರನ್ನು ಹೇರಿಕೊಂಡು ಹೋಗುವ ಲಾರಿ ಬೆಂಗಳೂರಿನ ಕಡೆಯಿಂದ ಬರಬೇಕು, ಎರಡೂವರೆ ಗಂಟೆ ಆಗಬಹುದು ಎಂದಳು. "ನೀವು ಸುರಕ್ಷಿತ ಜಾಗದಲ್ಲಿದ್ದೀರಾ ಮೇಡಂ? ಜೊತೆಯಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಅವಳು ಅದನ್ನು ಬರೆದುಕೊಂಡಳು.

ಚಿಂತಾಮಣಿಯಲ್ಲಿ ನನಗೆ ಗೊತ್ತಿದ್ದವರು ಒಬ್ಬರೇ, ನಮ್ಮ ಸಂಸ್ಥೆಯ ಸ್ವಯಂಸೇವಕರು. ಅವರು ಫೋನ್ ಎತ್ತಲಿಲ್ಲ. ಮ್ಯಾನೇಜರಿಗೆ ಮಾಡಿದೆ. "ಹೊಸ ಗಾಡಿ. ಬಿಟ್ಟು ಎಲ್ಲೂ ಹೋಗ್ಬೇಡಿ. ಲಾರಿ ಬರೋವರೆಗೂ ಅಲ್ಲೇ ಇರಿ," ಎಂದರು. ಮನೆಯವರಿಗೆ ಏನು ಹೇಳಲಿ ಎಂದು ಕೇಳಿದೆ. "ಪರಿಸ್ಥಿತಿ ವಿವರಿಸಿ. ಅರ್ಥ ಮಾಡ್ಕೋತಾರೆ," ಎಂದರು.

ಬಸ್ಸಿನಲ್ಲಿ ಹೋಗಿಬಿಡಲೇ ಎಂದು ಯೋಚಿಸಿದೆ. ಒಂದು ಖಾಸಗಿ ಬಸ್ಸು ಬಂತು. ಬಾಗಿಲಲ್ಲೇ ಜನ ನೇತಾಡುತ್ತಿದ್ದರು. ಕೈ ಅಡ್ಡ ಹಾಕಿದೆ. ಕಂಡಕ್ಟರು ಹಿಂದೆ ಇನ್ನೊಂದು ಬರುತ್ತದೆ ಎಂದು ಸನ್ನೆ ಮಾಡಿದ, ಬಸ್ಸು ನಿಲ್ಲಲಿಲ್ಲ. ಚಿಂತಾಮಣಿಯಲ್ಲಿಳಿದು, ಮುರುಗಮಲ್ಲದ ಬಸ್ಸು ಹಿಡಿದು, ಅಲ್ಲಿಂದ ಮೂರು ಕಿಲೋಮೀಟರ್ ಹೋಗಬೇಕು. ಎಷ್ಟು ಕೂಡಿಸಿದರೂ ಗಡುವಿನೊಳಗೆ ಮುಟ್ಟುವ ಖಾತ್ರಿ ಸಿಗಲಿಲ್ಲ. ಹಿಂದೆ ಒಂದು ಕ್ರಾಸಿನ ಹತ್ತಿರ, ಬಿಳಿ ಬಣ್ಣ ಬಳಿದ ಟೈರು ನೇತುಹಾಕಿದ ಪಂಕ್ಚರ್ ಅಂಗಡಿ ನೋಡಿದ ನೆನಪಿತ್ತು. ಕಾರಿಗೆ ಬೀಗ ಹಾಕಿ, ಪೆಟ್ಟಿಗೆ ಮತ್ತು ಚೀಲ ಎತ್ತಿಕೊಂಡು ಬಿಸಿಲಲ್ಲಿ ಹಿಂದಕ್ಕೆ ನಡೆದೆ. ಒಂದು ಕಿಲೋಮೀಟರಿಗೂ ಹೆಚ್ಚಿತ್ತು. ಎರಡು ಬೈಕುಗಳು ನಿಧಾನ ಮಾಡಿದವು, ಪೆಟ್ಟಿಗೆಯ ಮೇಲಿನ ಕಣ್ಣಿನ ಚಿತ್ರ ನೋಡಿ ಹಾಗೇ ಮುಂದೆ ಹೋದವು.

ಅಂಗಡಿಯ ಯಜಮಾನರು ಅರವತ್ತರ ಆಸುಪಾಸಿನವರು. ಕೂತಲ್ಲಿಂದಲೇ ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಸೈಡ್ ಸೀಳಿದ್ರೆ ಪ್ಯಾಚ್ ನಿಲ್ಲಲ್ಲಮ್ಮ. ಸ್ಟೆಪ್ನಿ ತಗೀರಿ, ಬಂದು ಹಾಕ್ಕೊಡ್ತೀನಿ."

"ಸ್ಟೆಪ್ನಿ ಇಲ್ಲ. ಕಾರಿನ ಜೊತೆ ಕೊಡೋದೇ ಇಲ್ಲ."

"ಕೊಡೋದೇ ಇಲ್ವಾ!" ಅವರು ನಗಲಿಲ್ಲ. "ಏಮಿ ಕಾಲಮೋ ಇದಿ," ಎಂಥ ಕಾಲವಪ್ಪ ಇದು ಎಂದು ತೆಲುಗಿನಲ್ಲಿ ಅಂದುಕೊಂಡರು. "ಜಾಕು?"

"ಅದೂ ಇಲ್ಲ."

ಅವರು ಎದ್ದು ಅಂಗಡಿಯ ಹಿಂದಿನಿಂದ, ಯಾರೋ ಬಿಟ್ಟುಹೋಗಿದ್ದ ಕಬ್ಬಿಣದ ಚಕ್ರವೊಂದನ್ನು ಉರುಳಿಸಿ ತಂದರು. ಅದಕ್ಕೂ ನಾಲ್ಕೇ ಬೋಲ್ಟಿನ ತೂತು. ಹೊಂದಿದರೆ ಹೊಂದಲಿ ಎಂದು ಚಕ್ರ, ಜಾಕು, ಪಾನಾ ಎಲ್ಲವನ್ನೂ ಮೊಪೆಡ್ಡಿನ ಮುಂದೆ ಇಟ್ಟುಕೊಂಡರು. ನಾನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಅದರಲ್ಲೇನಿದೆ ಎಂದು ಕೇಳಿದರು. ಹೇಳಿದೆ. ಮೊಪೆಡ್ಡು ಶುರು ಮಾಡಿ ರಸ್ತೆಗೆ ಹತ್ತಿಸಿದರು. ಆಮೇಲೆ, "ಈಗ ಖಾಲೀನಾ?" ಎಂದರು. ಖಾಲಿ ಎಂದೆ.

ಕಾರೆತ್ತಿ, ನಟ್ಟು ಬಿಚ್ಚಿ, ಹರಿದ ಚಕ್ರ ತೆಗೆದು ಕಬ್ಬಿಣದ ಚಕ್ರ ಹಿಡಿದು ನೋಡಿದರು. ನಾಲ್ಕು ತೂತುಗಳೂ ಸರಿಯಾಗಿ ಬಂದವು. ಆದರೆ ಚಕ್ರದ ನಡುವಿನ ದೊಡ್ಡ ತೂತು, ಅದು ಕೂರಬೇಕಾದ ಕಾರಿನ ಹಬ್ ಎಂಬ ಉಬ್ಬಿಗಿಂತ ಚಿಕ್ಕದು. ಎಷ್ಟು ಒತ್ತಿದರೂ ಒಳಗೆ ಕೂರಲಿಲ್ಲ. ಅವರು ಹಿಮ್ಮಡಿಯ ಮೇಲೆ ಕೂತು ಹಣೆ ಒರೆಸಿಕೊಂಡರು.

"ಇನ್ನೊಂದು ದಾರಿ ಐತೆ. ಹಳೇ ಟೈರಿನ ತುಂಡು ಒಳಗಡೆ ಕೊಟ್ಟು, ಅದರ ಮೇಲೆ ಟ್ಯೂಬ್ ಹಾಕ್ತೀನಿ. ಗೇಟರ್ ಅಂತೀವಿ. ಹಿಂದೆಲ್ಲ ಹಂಗೇ ಓಡಿಸ್ತಿದ್ವಿ. ಆದ್ರೆ ಈ ಗಾಡಿಗೆ ಸರಿ ಅಂತ ನಾನ್ ಹೇಳಲ್ಲ. ಜೋರಾಗಿ ಹೋದ್ರೆ ಬಿಸಿಯಾಗಿ ಸಿಡೀತದೆ. ಆಮೇಲೆ ನನ್ನ ಅನ್ಬಾರ್ದು."

"ಎಷ್ಟರಲ್ಲಿ ಹೋಗಬಹುದು?"

"ನಲವತ್ತರ ಒಳಗೆ. ಗುಂಡಿ ಕಂಡ್ರೆ ನಡಿಗೆ ವೇಗ. ಟ್ಯೂಬು, ತುಂಡು ಅಂಗ್ಡೀಲಿವೆ. ತರೋದ್ರೊಳಗೆ ಯೋಚ್ನೆ ಮಾಡಿರಿ," ಎಂದು ಹೊರಟರು.

ಒಂದು ಕಾಲಿಲ್ಲದ ಕಾರಿನ ಪಕ್ಕ ನಾನು ನಿಂತಿದ್ದೆ. ಹನ್ನೆರಡಕ್ಕೆ ಐದು ನಿಮಿಷವಿತ್ತು. ದ್ರಾಕ್ಷಿ ತೋಟದಲ್ಲಿ ಎಲ್ಲೋ ಮೋಟರು ಓಡುತ್ತಿತ್ತು, ಕಣ್ಣಿಗೆ ಒಬ್ಬರೂ ಬೀಳಲಿಲ್ಲ. ಈ ಕೆಲಸದಲ್ಲಿ ಒಂಟಿಯಾಗಿರುವುದು ಅಭ್ಯಾಸವಾಗಿದೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಸಾವಿನ ಮನೆಯಲ್ಲಿ ನಾನು ಬಂದ ಕೂಡಲೇ ಜನ ಆಚೆ ಹೋಗುತ್ತಾರೆ, ಕೆಲಸ ಮುಗಿಸಿ ಬಂದಾಗ ಮುಖ ತಿರುಗಿಸುತ್ತಾರೆ. ಅದು ನನಗೆ ನೋವು ಕೊಡುವುದಿಲ್ಲ ಅಂದುಕೊಂಡಿದ್ದೆ. ಆದರೆ ಅಲ್ಲಿ ನಿಂತಾಗ, ಇನ್ನು ಯಾರಿಗೆ ಫೋನ್ ಮಾಡಲಿ ಎಂದು ಹೆಸರುಗಳನ್ನು ಕೆಳಗಿನವರೆಗೂ ಸರಿಸಿದೆ. ನೇತ್ರ ಬ್ಯಾಂಕಿನವರು, ಆಸ್ಪತ್ರೆಯವರು, ಎಂದೋ ದಾನ ಕೊಟ್ಟ ಮನೆಗಳವರು. ಸುಮ್ಮನೆ "ಹಿಂಗಾಯ್ತು ನೋಡು" ಎಂದು ಹೇಳಿಕೊಳ್ಳಲು ಒಂದು ಹೆಸರೂ ಇರಲಿಲ್ಲ.

ಆಗ, ಬೆಳಗ್ಗೆ ಮಾತಾಡಿದ್ದ ಆ ಹೆಂಗಸಿನದೇ ಫೋನ್ ಬಂತು.

"ಎಲ್ಲಿದ್ದೀರಾ ಅಮ್ಮ? ಬಂದ್ರಾ?"

ಹತ್ತಿರ ಇದ್ದೇನೆ ಎನ್ನುವುದು ಸುಲಭವಿತ್ತು. ಬಾಯಿಗೂ ಬಂದಿತ್ತು. ನುಂಗಿಕೊಂಡು ನಿಜ ಹೇಳಿದೆ. "ಅಮ್ಮ, ಕಾರಿನ ಟೈರು ಹರಿದುಹೋಗಿದೆ. ಇನ್ನೂ ಚಿಂತಾಮಣಿನೇ ಮುಟ್ಟಿಲ್ಲ. ರಿಪೇರಿ ಮಾಡಿಸ್ತಿದ್ದೀನಿ. ಬರ್ತೀನಿ ಅಂತ ಖಾತ್ರಿ ಕೊಡೋಕೆ ನನ್ ಕೈಲಿ ಆಗ್ತಿಲ್ಲ. ನಿಮ್ಮನೇಲಿ ಕಾಯೋಕೆ ಆಗಲ್ಲ ಅಂದ್ರೆ ತಪ್ಪು ತಿಳ್ಕೊಳಲ್ಲ."

ಆ ಕಡೆ ಗಂಡಸರ ಮಾತು ಕೇಳುತ್ತಿತ್ತು. ಆಕೆ ಫೋನನ್ನು ಕೈಯಿಂದ ಮುಚ್ಚಿದಂತಾಯಿತು. ಮತ್ತೆ ಬಂದಾಗ ದನಿ ಗಟ್ಟಿಯಾಗಿತ್ತು.

"ಎಷ್ಟೊತ್ತಿನ ತನಕ ಆಯ್ತದೆ?"

"ಒಂದೂ ನಲವತ್ತು."

"ಅಲ್ಲಿ ತನಕ ನಾನು ಇವ್ರ ತಲೆ ಹತ್ರಾನೇ ಕೂತಿರ್ತೀನಿ. ಯಾರಿಗೂ ಎತ್ತೋಕೆ ಬಿಡಲ್ಲ. ನೀವು ಹುಷಾರಾಗಿ ಬನ್ನಿ."

ಪಂಕ್ಚರ್ ಅಂಗಡಿಯವರು ವಾಪಸು ಬಂದಾಗ, ಗೇಟರ್ ಹಾಕಿ ಎಂದೆ. ಲಾರಿ ಬರುವವರೆಗೆ ಅಲ್ಲೇ ಇರಬೇಕೆಂದು ಮ್ಯಾನೇಜರ್ ಹೇಳಿದ್ದನ್ನು ನಾನು ಮೀರುತ್ತಿದ್ದೆ. ಅವರಿಗೆ ಮತ್ತೆ ಫೋನ್ ಮಾಡಿ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಸಹಾಯವಾಣಿಗೆ ಮಾತ್ರ, ಲಾರಿ ಚಿಂತಾಮಣಿಯ ಕಡೆ ಬರಲಿ, ಆಮೇಲೆ ಜಾಗ ಹೇಳುತ್ತೇನೆ ಎಂದು ತಿಳಿಸಿದೆ.

ಎರಡು ಕಬ್ಬಿಣದ ಕಂಬಿಗಳನ್ನು ತೂರಿಸಿ ಅವರು ಟೈರನ್ನು ರಿಮ್ಮಿನಿಂದ ಮೀಟಿದರು. ಒಳಗೆಲ್ಲ ಬಿಳಿ ಅಂಟು. "ಈ ಹಾಲು ಯಾಕಮ್ಮ ಹುಯ್ದ್ರಿ? ಏನೂ ಹಿಡಿಯಲ್ಲ ಈಗ," ಎಂದು ಗೊಣಗಿದರು. ನಾನು ಚೀಲದಲ್ಲಿದ್ದ ಹತ್ತಿಯ ಕಟ್ಟನ್ನು ಬಿಚ್ಚಿ ಇಬ್ಬರಿಗೂ ಹಂಚಿದೆ. ಒಳಗೋಡೆ ಒಣಗುವವರೆಗೆ ಉಜ್ಜಿದೆವು. ಅಂಗೈಗಿಂತ ದೊಡ್ಡದಾದ ಹಳೆಯ ಟೈರಿನ ತುಂಡಿನ ಅಂಚುಗಳನ್ನು ಚಾಕುವಿನಿಂದ ತೆಳ್ಳಗೆ ಹೆರೆದು, ಸೀಳಿನ ಒಳಬದಿಗೆ ಅಂಟಿಸಿದರು. ಟ್ಯೂಬನ್ನು ಅದರ ಮೇಲೆ ಮಡಿಕೆ ಬೀಳದಂತೆ ಬೆರಳಿನಿಂದ ಸವರಿ ಸವರಿ ಕೂರಿಸಿದರು. ಅವಸರ ಮಾಡಿಸಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ನನ್ನ ಕೆಲಸದಲ್ಲೂ ಹಾಗೆ ಅವಸರ ಮಾಡಿಸುವವರಿರುತ್ತಾರೆ, ಅವರಿಗೆ ನಾನು ಉತ್ತರ ಕೊಡುವುದಿಲ್ಲ. ಟೈರು ಅಲುಗದಂತೆ ಹಿಡಿದುಕೊಂಡೆ.

ಗಾಳಿ ತುಂಬಲು ಅವರ ಕಾಲು ಪಂಪಿಗಿಂತ ಕಾರಿನ ಜೊತೆ ಬಂದ ಸಣ್ಣ ಪಂಪೇ ಬೇಗ ಕೆಲಸ ಮಾಡಿತು. ಆ ತಟ್ಟೆಯಲ್ಲಿದ್ದ ವಸ್ತುಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

"ಮುಂದಕ್ಕೆ ಹಾಕಲ್ಲ," ಎಂದರು. "ಮುಂದಿನ ಚಕ್ರ ಸಿಡಿದ್ರೆ ಗಾಡಿ ಕೈಲಿ ನಿಲ್ಲಲ್ಲ. ಹಿಂದಕ್ಕೆ ಹಾಕ್ತೀನಿ, ಹಿಂದಿನ ಒಳ್ಳೇದು ಮುಂದಕ್ಕೆ." ಇದ್ದದ್ದು ಒಂದೇ ಜಾಕು. ಹೊಂದದೆ ಹೋದ ಕಬ್ಬಿಣದ ಚಕ್ರವನ್ನು ಕಲ್ಲಿನ ಮೇಲೆ ಮಲಗಿಸಿ ಕಾರಿನ ಮುಂಭಾಗಕ್ಕೆ ಆಸರೆ ಕೊಟ್ಟು, ಜಾಕನ್ನು ಹಿಂದಕ್ಕೆ ಒಯ್ದರು. ನಟ್ಟುಗಳನ್ನು ಎದುರುಬದುರಾಗಿ ನಾನೇ ಬಿಗಿದೆ. ಕೊಟ್ಟ ಹಣ ತೆಗೆದುಕೊಂಡು, "ಸತ್ತೋರ ಮನೇಲಿ ಕಣ್ಣು ತೆಗೆಯೋವಾಗ ಭಯ ಆಗಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. "ನಂಗೆ ಆಗ್ತಿತ್ತು," ಎಂದು ಮೊಪೆಡ್ ತಿರುಗಿಸಿದರು.

ಹನ್ನೆರಡೂ ಇಪ್ಪತ್ತೈದು. ಇನ್ನು ಇಪ್ಪತ್ತೇಳು ಕಿಲೋಮೀಟರು.

ನಲವತ್ತರ ಒಳಗೆ ಕಾರು ಓಡಿಸುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಎಲ್ಲರೂ ಹಾರ್ನ್ ಹೊಡೆದರು. ತರಕಾರಿ ತುಂಬಿದ ಗಾಡಿಗಳೂ ನನ್ನನ್ನು ದಾಟಿ ಹೋದವು. ಗೇಟರ್ ಕೂತ ಜಾಗ ಕೆಳಗೆ ಬಂದಾಗಲೆಲ್ಲ ಸೀಟಿನ ಹಿಂದೆ ಟಕ್ ಎಂಬ ಅದುರು. ಕಿಟಕಿ ಇಳಿಸಿ ಅದನ್ನೇ ಕೇಳುತ್ತಿದ್ದೆ. ಅದುರು ಒಂದೇ ಲಯದಲ್ಲಿರುವವರೆಗೆ ಭಯವಿಲ್ಲ ಎಂದುಕೊಂಡೆ. ಚಿಂತಾಮಣಿ ದಾಟಿದ ಮೇಲೆ ನಿಲ್ಲಿಸಿ ಟೈರು ಮುಟ್ಟಿ ನೋಡಿದೆ. ಬಿಸಿಯಾಗಿತ್ತು, ಆದರೆ ಕೈ ಇಡಬಹುದಿತ್ತು. ಎರಡು ನಿಮಿಷ ಆರಲು ಬಿಟ್ಟೆ. ಆ ಎರಡು ನಿಮಿಷ ಕೊಡುವುದು ನನಗೆ ತುಂಬ ಕಷ್ಟವಾಯಿತು.

ಮನೆ ಮುಟ್ಟಿದಾಗ ಒಂದೂಕಾಲು. ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಹೂವಿನ ಹಾರ ಬಾಡಿತ್ತು. ಬಿಳಿ ಮೀಸೆಯ ಹಿರಿಯರೊಬ್ಬರು ನನ್ನ ಪೆಟ್ಟಿಗೆ ನೋಡಿ ಬಾಗಿಲಿಗೆ ಅಡ್ಡ ನಿಂತರು. ಅವರೇ ತೀರಿಕೊಂಡವರ ಅಣ್ಣ.

"ಇಷ್ಟೊತ್ತು ಹೆಣ ಇಟ್ಕೊಂಡು ಕೂತಿದ್ದೀವಲ್ಲ, ನಿಮ್ಗೇನಾದ್ರೂ ಅನ್ನಿಸ್ತದಾ? ಕಣ್ಣಿಲ್ದೆ ಹೆಂಗಮ್ಮ ಕಳ್ಸೋದು ನನ್ ತಮ್ಮನ್ನ?"

"ತಡವಾಗಿದ್ದು ನನ್ನ ಕಡೆಯಿಂದ, ತಪ್ಪಾಯ್ತು," ಎಂದೆ. "ಕಣ್ಣು ಪೂರ್ತಿ ತೆಗೆಯಲ್ಲ ಅಣ್ಣ. ಮೇಲಿನ ಪೊರೆ ಮಾತ್ರ. ಮುಖ ಹೆಂಗಿದೆಯೋ ಹಂಗೇ ಇರುತ್ತೆ. ಮುಗಿದ ಮೇಲೆ ನೀವೇ ಬಂದು ನೋಡಿ."

ಒಳಗಿನಿಂದ ಆಕೆಯ ದನಿ ಬಂತು. "ಭಾವ, ಬಿಡಿ ಅವ್ರನ್ನ." ಅವರು ಪಕ್ಕಕ್ಕೆ ಸರಿದರು.

ಆಕೆ ಹೇಳಿದಂತೆಯೇ ತಲೆಯ ಹತ್ತಿರ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ನೀರಿನ ಲೋಟ. ಹತ್ತಿ ಒಣಗಿದಾಗಲೆಲ್ಲ ಒದ್ದೆ ಮಾಡುತ್ತಿದ್ದರಂತೆ. ಬೆಳಗಿನಿಂದ ಎದ್ದಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ಪಕ್ಕದ ಮನೆಯವರು ಒಬ್ಬರು ಹಾಕಿದರು. ಇನ್ನೊಂದಕ್ಕೆ ಯಾರೂ ಮುಂದೆ ಬರಲಿಲ್ಲ. ಬಿಳಿ ಮೀಸೆಯವರು ಬಾಗಿಲಿನಿಂದ ಒಳಗೆ ಬಂದು ಪೆನ್ನಿಗೆ ಕೈ ಚಾಚಿದರು.

ಎಲ್ಲರೂ ಹೊರಗೆ ಹೋದರು. ಆಕೆ ಮಾತ್ರ, "ನಾನು ಇರ್ಲಾ?" ಎಂದರು. ಸಾಮಾನ್ಯವಾಗಿ ನಾನು ಬೇಡ ಎನ್ನುತ್ತೇನೆ. ಅಂದು ಹೇಳಲಿಲ್ಲ. ಆಕೆ ಗಂಡನ ಪಾದದ ಮೇಲೆ ಕೈಯಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂತರು. ನಾನು ಕೈಗವಸು ಹಾಕಿ, ರಕ್ತದ ಮಾದರಿ ತೆಗೆದು, ರೆಪ್ಪೆಯ ಸುತ್ತ ಔಷಧಿಯಿಂದ ಒರೆಸಿದೆ. ಟೈರಿನ ಮಸಿ ನನ್ನ ಮೊಣಕೈಯಲ್ಲಿ ಇನ್ನೂ ಇತ್ತು. ಅದನ್ನು ಎರಡನೇ ಸಲ ತೊಳೆದು ಬಂದು, ಹೊಸ ಕೈಗವಸು ಹಾಕಿ ಶುರು ಮಾಡಿದೆ. ಆಕೆ ಗೋಡೆಗೆ ಹೇಳುವಂತೆ ಮಾತಾಡುತ್ತಿದ್ದರು.

"ಈ ವಯಸ್ಸಲ್ಲೂ ಸೂಜಿಗೆ ದಾರ ಅವ್ರೇ ಪೋಣಿಸ್ತಿದ್ರು. ನನ್ನ ಕರೀತಿರ್ಲಿಲ್ಲ. ಇಂಥಾ ಕಣ್ಣು ಮಣ್ಣಿಗ್ಯಾಕೆ ಅಂತಿದ್ರು."

ಒಂದೂ ಮೂವತ್ತೆಂಟಕ್ಕೆ ಎರಡೂ ಕಾರ್ನಿಯಾಗಳು ದ್ರಾವಣದ ಸೀಸೆಗಳಲ್ಲಿದ್ದವು. ಸೀಸೆಗಳನ್ನು ಐಸ್ ಮೇಲಿಟ್ಟು ಮುಚ್ಚಳ ಬಿಗಿದೆ. ರೆಪ್ಪೆ ಮುಚ್ಚಿ, ಮುಖ ಒರೆಸಿ, ಬಿಳಿ ಮೀಸೆಯವರನ್ನು ಕರೆದೆ. ಅವರು ಬಗ್ಗಿ ತುಂಬ ಹೊತ್ತು ತಮ್ಮನ ಮುಖ ನೋಡಿದರು. "ಮಲ್ಗಿದ್ದಂಗೇ ಅವ್ನೆ," ಎಂದು ಆಚೆ ಹೋಗಿ ಜೋರಾಗಿ ಅತ್ತರು.

ಅದೇ ಗೇಟರಿನಲ್ಲಿ ನಿಧಾನಕ್ಕೆ ವಾಪಸು ಬಂದರೆ, ಚಿಂತಾಮಣಿಯ ದೊಡ್ಡ ಟೈರ್ ಅಂಗಡಿಯಲ್ಲಿ ನನ್ನ ಕಾರಿನ ಅಳತೆಯ ಟೈರು ಇರಲಿಲ್ಲ, ಬೆಂಗಳೂರಿನಿಂದ ತರಿಸಬೇಕು ಎಂದರು. ಕಾರನ್ನು ಅಲ್ಲೇ ಬಿಟ್ಟು, ಸಹಾಯವಾಣಿಯ ಲಾರಿಗೆ ಅಂಗಡಿಯ ವಿಳಾಸ ಕೊಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಪೆಟ್ಟಿಗೆಯ ಚಿತ್ರ ನೋಡಿ ಬೇರೆ ಸೀಟಿಗೆ ಹೋದರು. ಎರಡು ದಿನಗಳ ನಂತರ ಪ್ರಯೋಗಾಲಯದಿಂದ ವರದಿ ಬಂತು. ಎರಡೂ ಕಸಿಗೆ ಯೋಗ್ಯ.

ಹೇಳಿದ ಮಾತು ಮೀರಿದ್ದಕ್ಕೆ ಮ್ಯಾನೇಜರಿಗೆ ವಿವರಣೆ ಬರೆದುಕೊಡಬೇಕಾಯಿತು. ಅದರಲ್ಲೇ ಕೆಳಗೆ ಸೇರಿಸಿದೆ: ಬಾಟಲಿ ಮೊಳೆಗೆ ಮಾತ್ರ, ಸಹಾಯವಾಣಿ ಸಮಯವಿದ್ದವರಿಗೆ ಮಾತ್ರ. ಗಾಳಿಯಿಲ್ಲದೆಯೂ ಸ್ವಲ್ಪ ದೂರ ಓಡುವ ಟೈರುಗಳಿವೆ, ಆದರೆ ನಮ್ಮ ಕಾರಿಗೆ ಅವು ಸರಿಹೊಂದುವುದಿಲ್ಲವಂತೆ. ಡಿಕ್ಕಿಯ ಗುಂಡಿಯಲ್ಲಿ ತೆಳ್ಳನೆಯ ತಾತ್ಕಾಲಿಕ ಸ್ಟೆಪ್ನಿ ಹಿಡಿಯುತ್ತದೆ, ಅದನ್ನೂ ಒಂದು ಜಾಕನ್ನೂ ಕೊಡಿ, ಇಲ್ಲದಿದ್ದರೆ ಈ ಕಾರನ್ನು ನಾನು ಕರೆಗೆ ಒಯ್ಯುವುದಿಲ್ಲ. ಹಾಗೆ ಬರೆಯುವ ಧೈರ್ಯ ನನಗೆ ಮೊದಲು ಇರಲಿಲ್ಲ. ಮೂರನೇ ವಾರ ಸ್ಟೆಪ್ನಿ ಬಂತು. ಅದನ್ನು ನಾನೇ ಹಾಕಿ, ಬಿಚ್ಚಿ, ಮತ್ತೆ ಹಾಕಿ ನೋಡಿದೆ.

ಅದೇ ವಾರ ಒಂದು ಬೆಳಗ್ಗೆ ಫೋನ್ ಬಂತು. ಬೆಳಗಿನ ಫೋನೆಂದರೆ ನನಗೆ ಸಾವಿನ ಸುದ್ದಿಯೇ. ಎತ್ತುವಾಗಲೇ ಪೆನ್ನು ಹಿಡಿದಿದ್ದೆ.

"ನಾನಮ್ಮ, ಮುರುಗಮಲ್ಲದ ಹತ್ರದೋಳು. ಕಾರ್ಯ ಎಲ್ಲಾ ಮುಗೀತು. ನೆಂಟ್ರೆಲ್ಲ ಹೋದ್ರು."

"ಹೇಳಿ ಅಮ್ಮ. ಏನಾಗ್ಬೇಕಿತ್ತು?"

"ಏನಿಲ್ಲ. ಆವತ್ತು ಗಲಾಟೇಲಿ ಕೇಳೋಕೆ ಆಗ್ಲಿಲ್ಲ. ಆ ಟೈರಲ್ಲಿ ಒಬ್ರೇ ವಾಪಸ್ ಹೋದ್ರಲ್ಲ, ಮನೆ ಸರಿಯಾಗಿ ಸೇರ್ಕೊಂಡ್ರಾ ಅಂತ."

ಇಷ್ಟು ವರ್ಷಗಳಲ್ಲಿ ಯಾವ ಮನೆಯವರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಪೆನ್ನು ಕೆಳಗಿಟ್ಟೆ. "ಸೇರ್ಕೊಂಡೆ ಅಮ್ಮ," ಎಂದೆ.

"ಸದ್ಯ," ಎಂದರು ಆಕೆ. ಅವರ ಕಡೆ ಒಲೆಯ ಮೇಲೆ ಏನೋ ಕುದಿಯುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಇಬ್ಬರೂ ಫೋನ್ ಇಡಲಿಲ್ಲ.